ಮರಕ್ಕೂ ಮುಂಚಿನ ಹಸಿರು: ಹಾಲಿ, ಐವಿ, ಮಿಸಲ್‌ಟೋಗಳಿಂದ ಕ್ರಿಸ್‌ಮಸ್ ಮನೆ ಸಿಂಗರಿಸುವ ಹಳೆಯ ಕ್ರಮ

ಇಂಗ್ಲೆಂಡಿನ ಸಾಮಾನ್ಯ ಮನೆಗಳಿಗೆ ಕ್ರಿಸ್‌ಮಸ್ ಮರ ಬಂದು ಇನ್ನೂ ಇನ್ನೂರು ವರ್ಷವಾಗಿಲ್ಲ. ಅದಕ್ಕೆ ಮುಂಚೆ ಶತಮಾನಗಟ್ಟಲೆ ಮನೆಯೊಳಗೆ ಬರುತ್ತಿದ್ದದ್ದು ಇಡೀ ಮರವಲ್ಲ, ಕೊಂಬೆ. 1598ರಲ್ಲಿ ಲಂಡನ್ ನಗರದ ವರ್ಣನೆ ಬರೆದ ಜಾನ್ ಸ್ಟೋ ಈ ಬಗ್ಗೆ ಬರೆದಿದ್ದಾನೆ. ಹಬ್ಬಕ್ಕೆ ಪ್ರತಿ ಮನೆಯನ್ನೂ ಪ್ರತಿ ಕೇರಿಯ ಚರ್ಚನ್ನೂ ಮುಳ್ಳಂಚಿನ ಎಲೆಯ ಹಾಲಿ ಮರ, ಗೋಡೆಗೆ ಹಬ್ಬುವ ಐವಿ ಬಳ್ಳಿ, ಬೇ ಮರ ಇವುಗಳ ಎಲೆಗಳಿಂದ, ಆ ಕಾಲಕ್ಕೆ ಹಸಿರಾಗಿ ಸಿಗುವ ಎಲ್ಲದರಿಂದ ಸಿಂಗರಿಸುತ್ತಿದ್ದರಂತೆ. ಬೀದಿಯ ನೀರಿನ ಕಟ್ಟೆಗಳಿಗೂ ಅದೇ ಅಲಂಕಾರ.

ಬಾಗಿಲಿಗೆ ಮಾವಿನ ತೋರಣ ಕಟ್ಟುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಒಂದೇ ವ್ಯತ್ಯಾಸ: ನಮ್ಮಲ್ಲಿ ಹಸಿರೆಲೆಗೆ ಯಾವ ತಿಂಗಳಲ್ಲೂ ಬರವಿಲ್ಲ. ಅಲ್ಲಿ ಡಿಸೆಂಬರಿನಲ್ಲಿ ಓಕ್, ಬೀಚ್, ಆಶ್ ಮರಗಳೆಲ್ಲ ಬೋಳಾಗಿರುತ್ತವೆ, ಎಲೆ ಉಳಿಸಿಕೊಂಡ ಗಿಡಗಳು ಬೆರಳೆಣಿಕೆಯಷ್ಟು. ಹಾಗಾಗಿ ಏನನ್ನು ಕೊಯ್ಯಬೇಕು, ಯಾವತ್ತು ಒಳಗೆ ತರಬೇಕು, ಯಾವತ್ತು ಇಳಿಸಬೇಕು ಎಂಬ ಹಳೆಯ ಕಟ್ಟಳೆಗಳನ್ನು ಈ ಗಿಡಗಳ ಸ್ವಭಾವದ ಪಕ್ಕದಲ್ಲಿಟ್ಟು ನೋಡಿದರೆ ಬೇಗ ಅರ್ಥವಾಗುತ್ತವೆ. ಇಂಗ್ಲೆಂಡಿನ ಮನೆಗಳಲ್ಲಿ ಮರಕ್ಕಿಂತ ಮೊದಲು ನಡುಮನೆಯಲ್ಲಿ ತೂಗುತ್ತಿದ್ದ ಹಸಿರು ಗೋಳವನ್ನು ಕಟ್ಟುವ ಕ್ರಮ ಇಲ್ಲಿದೆ. ಅಲ್ಲಿ ಇದರ ಹೆಸರು ಕಿಸ್ಸಿಂಗ್ ಬೌ. ಬ್ರಿಟನ್ನಿನಲ್ಲೋ ಜರ್ಮನಿಯಲ್ಲೋ ನೆಲೆಸಿರುವವರಿಗೆ ಎಲ್ಲ ಸಾಮಾನೂ ಸಿಗುತ್ತದೆ. ಕರ್ನಾಟಕದಲ್ಲಿರುವವರಿಗೆ ಬದಲಿಗಳನ್ನು ಮುಂದೆ ಹೇಳಿದೆ.

ಪದ್ಧತಿ ಎಷ್ಟು ಹಳೆಯದು

ರೋಮನ್ನರು ಡಿಸೆಂಬರ್ 17ರಿಂದ ಸ್ಯಾಟರ್ನೇಲಿಯ ಹಬ್ಬದಲ್ಲೂ ಹೊಸ ವರ್ಷದ ದಿನದಲ್ಲೂ ಮನೆಗೆ ಹಸಿರು ಕಟ್ಟುತ್ತಿದ್ದರು. ಕ್ರಿ.ಶ. 200ರ ಆಸುಪಾಸಿನಲ್ಲಿ ಉತ್ತರ ಆಫ್ರಿಕಾದ ಕ್ರೈಸ್ತ ಲೇಖಕ ಟರ್ಟುಲಿಯನ್, ತನ್ನವರೇ ಬಾಗಿಲಿಗೆ ಲಾರೆಲ್ ಎಲೆ ಮತ್ತು ದೀಪ ಕಟ್ಟುತ್ತಿರುವುದನ್ನು ಖಂಡಿಸಿದ. ನೀವೇ ಬೆಳಕು, ನೀವೇ ಸದಾ ಹಸಿರಾಗಿರುವ ಮರ, ಬಾಗಿಲಿಗೆ ಬೇರೆ ಯಾಕೆ ಎಂಬ ಅರ್ಥದಲ್ಲಿ ಬರೆದ. ಇಷ್ಟು ಬೈದಿದ್ದಾನೆ ಎಂದರೆ ಜನ ಕಟ್ಟುತ್ತಲೇ ಇದ್ದರು ಎಂದಾಯಿತು. 601ರಲ್ಲಿ ಪೋಪ್ ಮೊದಲನೇ ಗ್ರೆಗರಿ ಇಂಗ್ಲೆಂಡಿಗೆ ಹೊರಟಿದ್ದ ಪಾದ್ರಿ ಮೆಲ್ಲಿಟಸ್‌ಗೆ ಬರೆದ ಪತ್ರದಲ್ಲಿ ಮೃದುವಾದ ದಾರಿ ಹಿಡಿದ. ಹಳೆಯ ಗುಡಿಗಳನ್ನು ಕೆಡವಬೇಡಿ, ಚರ್ಚಾಗಿ ಬದಲಿಸಿ, ಹಬ್ಬದ ದಿನ ಅದರ ಸುತ್ತ ಜನ ಕೊಂಬೆಗಳ ಚಪ್ಪರ ಹಾಕಿಕೊಳ್ಳಲಿ ಎಂದ. 15ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ಚರ್ಚುಗಳ ಲೆಕ್ಕಪುಸ್ತಕಗಳಲ್ಲಿ ಹಾಲಿ, ಐವಿ ಕೊಂಡ ಖರ್ಚು ಕಾಣುತ್ತದೆ.

ಬೇರೆ ಮರದ ಮೇಲೆ ಬೆಳೆಯುವ ಮಿಸಲ್‌ಟೋ ಗಿಡದ ವಿಚಾರದಲ್ಲಿ ಮಾತ್ರ ಎಚ್ಚರವಿರಲಿ. ಬಿಳಿ ಬಟ್ಟೆಯ ಡ್ರೂಯಿಡ್ ಪುರೋಹಿತರು ಓಕ್ ಮರದಿಂದ ಚಿನ್ನದ ಕುಡುಗೋಲಿನಲ್ಲಿ ಅದನ್ನು ಕೊಯ್ಯುತ್ತಿದ್ದರೆಂದು ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದದ್ದು ನಿಜ. ಆದರೆ ಅವನು ಹೇಳಿದ್ದು ಮನೆಯ ಅಲಂಕಾರದ ಮಾತಲ್ಲ, ಕ್ರಿಸ್‌ಮಸ್ಸಿನದಂತೂ ಅಲ್ಲವೇ ಅಲ್ಲ. ಅದರ ಕೆಳಗೆ ನಿಂತು ಮುತ್ತು ಕೊಡುವ ರೂಢಿಗೆ ಸ್ಪಷ್ಟ ಬರಹಗಳು ಸಿಗುವುದು 18ನೇ ಶತಮಾನದ ಕೊನೆಯಿಂದ. ನಡುವಿನ 1,700 ವರ್ಷಗಳನ್ನು ಒಂದೇ ದಾರದಲ್ಲಿ ಪೋಣಿಸುವುದು ತಪ್ಪು.

ಬೇಕಾದ ಸಾಮಾನು

40 ಸೆಂ.ಮೀ. ಅಡ್ಡಳತೆಯ ಗೋಳಕ್ಕೆ ಈ ಲೆಕ್ಕ. 3 ಮಿ.ಮೀ. ದಪ್ಪದ ಜಿಐ ತಂತಿ 4.2 ಮೀಟರ್. ಕಟ್ಟಲು 0.7 ಮಿ.ಮೀ. ಸಣ್ಣ ತಂತಿಯ ಒಂದು ಸುರುಳಿ. ಕಟ್ಟಡ ಕೆಲಸದ ಬೈಂಡಿಂಗ್ ವಯರ್ ಆಗುತ್ತದೆ, ಆದರೆ ಅದು ಇನ್ನೂ ದಪ್ಪ, ಎಳೆಯ ಕಡ್ಡಿಗಳನ್ನು ಕಡಿದುಬಿಡುತ್ತದೆ. ಸಿಕೇಟರ್ ಕತ್ತರಿ, ಇಕ್ಕಳ, ಚರ್ಮದ ಕೈಗವಸು, ಎರಡು ಬಕೆಟ್. 5 ಸಣ್ಣ ಕೆಂಪು ಸೇಬು, ಕೆಂಪು ರಿಬ್ಬನ್ 5 ಮೀಟರ್, ಬ್ಯಾಟರಿಯ ಎಲ್‌ಇಡಿ ದೀಪಗಳು. ಸುಮಾರು 60 ಸೆಂ.ಮೀ. ಉದ್ದದ 25 ಕೊಂಬೆ: ಹಾಲಿ 10, ಐವಿ 8, ಉಳಿದದ್ದು ರೋಸ್‌ಮರಿ, ಬೇ ಅಥವಾ ಬಾಕ್ಸ್ ಗಿಡದ್ದು. ಜೊತೆಗೆ ಒಂದು ಹಿಡಿ ಮಿಸಲ್‌ಟೋ.

ಬೇ ಎಂದರೆ ನಮ್ಮ ಪಲಾವ್ ಎಲೆಯಲ್ಲ, ಅದರ ಕುಟುಂಬದ್ದೇ ಬೇರೆ ಮರ. ನಮ್ಮ ಎಲೆಯಲ್ಲಿ ಬುಡದಿಂದ ತುದಿಗೆ ಮೂರು ನರ ಓಡುತ್ತವೆ, ಬೇ ಎಲೆಯಲ್ಲಿ ಒಂದೇ ನಡುನರ. ಬ್ರಿಟನ್ನಿನ ಬೇಲಿಗಳಲ್ಲಿ ಹೇರಳವಾಗಿ ಬೆಳೆಯುವ ಚೆರ್ರಿ ಲಾರೆಲ್ ಮೂರನೆಯದು. ಅದರ ಎಲೆ ಜಜ್ಜಿದರೆ ಬಾದಾಮಿಯಂಥ ವಾಸನೆಯೊಂದಿಗೆ ಸಯನೈಡ್ ಹೊಮ್ಮುತ್ತದೆ. ಅಲಂಕಾರಕ್ಕೆ ತಂದರೂ ಅಡುಗೆಮನೆಯ ಹತ್ತಿರ ಇಡಬೇಡಿ, ಯಾರಾದರೂ ಬೇ ಎಂದು ಸಾರಿಗೆ ಹಾಕಿಬಿಟ್ಟಾರು. ಯೂ ಮರದ ಕೊಂಬೆ ಎಷ್ಟೇ ಚೆನ್ನಾಗಿ ಕಂಡರೂ ಮಕ್ಕಳು, ನಾಯಿ, ದನವಿರುವ ಕಡೆ ಬೇಡವೇ ಬೇಡ. ಅದರ ಎಲೆ, ಬೀಜ ಎರಡೂ ಪ್ರಾಣಕ್ಕೆ ಅಪಾಯ. ಹಾಲಿ ಮತ್ತು ಮಿಸಲ್‌ಟೋ ಹಣ್ಣುಗಳೂ ವಿಷವೇ, ಕೆಳಗೆ ಉದುರಿದ್ದನ್ನು ದಿನವೂ ಹೆಕ್ಕಿ.

ಕೊಯ್ಯುವುದು

ಹಾಲಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕೆಂಪು ಹಣ್ಣು ಬಿಡುವುದು ಹೆಣ್ಣಿನಲ್ಲಿ ಮಾತ್ರ, ಅದೂ ಹತ್ತಿರದಲ್ಲಿ ಗಂಡು ಮರವಿದ್ದರೆ. ನರ್ಸರಿಯಿಂದ ಗಿಡ ತರುವವರು ಹೆಸರಿಗೆ ಮೋಸ ಹೋಗಬಾರದು. 'ಗೋಲ್ಡನ್ ಕಿಂಗ್' ಎಂಬ ತಳಿ ಹೆಣ್ಣು, 'ಸಿಲ್ವರ್ ಕ್ವೀನ್' ಗಂಡು! ಒಂದೇ ಗಿಡಕ್ಕೆ ಜಾಗವಿದ್ದರೆ ಗಂಡಿನ ನೆರವಿಲ್ಲದೆ ಹಣ್ಣು ಬಿಡುವ 'ಜೆ.ಸಿ. ವಾನ್ ಟಾಲ್' ನೆಡಿ. ಮರದ ಕೆಳಭಾಗದಲ್ಲಿ, ದನ ಜಿಂಕೆ ಬಾಯಿ ಹಾಕುವ ಎತ್ತರದಲ್ಲಿ, ಎಲೆಯ ಅಂಚಿಗೆ ಮುಳ್ಳು ಹೆಚ್ಚು. ಮೇಲಿನ ಕೊಂಬೆಗಳ ಎಲೆ ಬಹುಪಾಲು ನಯ. ತಲೆಗೆ ಕೈಗೆ ತಾಗುವ ಕಡೆಗೆ ಆ ಮೇಲಿನ ಎಲೆಗಳನ್ನೇ ಬಳಸಿ.

ಡಿಸೆಂಬರ್ ಮಧ್ಯದವರೆಗೆ ಕಾದರೆ ಹಕ್ಕಿಗಳು ಹಣ್ಣನ್ನು ಮುಗಿಸಿರುತ್ತವೆ. ಚಳಿ ಜೋರಾದ ವಾರದಲ್ಲಂತೂ ಒಂದೆರಡು ದಿನದಲ್ಲಿ ಮರ ಖಾಲಿ. ತಿಂಗಳ ಮೊದಲ ವಾರದಲ್ಲೇ ಬೇಕಾದಷ್ಟನ್ನು ಕೊಯ್ದು, ಬಕೆಟ್ ನೀರಿನಲ್ಲಿ ನಿಲ್ಲಿಸಿ, ಬಿಸಿಲು ತಾಗದ ತಣ್ಣನೆಯ ಶೆಡ್ಡಿನಲ್ಲಿಟ್ಟು ಮೇಲೆ ಬಲೆ ಹಾಕಿ. ಕೊಯ್ಯುವಾಗ ಒಂದೇ ಕಡೆ ಬೋಳಿಸಬೇಡಿ. ಎಲೆಗೆಣ್ಣಿನ ತುಸು ಮೇಲೆ ಕತ್ತರಿಸಿದರೆ ಅಲ್ಲಿಂದ ಚಿಗುರುತ್ತದೆ, ಹಾಲಿ ಬೆಳೆಯುವುದು ಬಹಳ ನಿಧಾನ. ಬೇರೆಯವರ ಬೇಲಿಯಿಂದ, ಕಾಡಿನಿಂದ ತರುವುದಾದರೆ ಜಾಗದ ಒಡೆಯರ ಒಪ್ಪಿಗೆ ಮೊದಲು.

ಐವಿಯಲ್ಲಿ ಎರಡು ಬಗೆಯ ಕಡ್ಡಿ ಇರುತ್ತದೆ. ಗೋಡೆಗೆ ಹಬ್ಬುವ ಎಳೆ ಬಳ್ಳಿಯ ಎಲೆಗೆ ಕವಲುಗಳಿವೆ. ಮೇಲೆ ಬಿಸಿಲು ಕಂಡು ಹೂಬಿಟ್ಟ ಕಡ್ಡಿಯ ಎಲೆ ಕವಲಿಲ್ಲದೆ ಅಗಲ, ತುದಿಯಲ್ಲಿ ಕಾಯಿಯ ಗುಂಡು ಗೊಂಚಲು. ಬಳ್ಳಿ ಸುತ್ತುವುದಕ್ಕೆ, ಗೊಂಚಲಿನ ಕಡ್ಡಿ ಕಟ್ಟುವುದಕ್ಕೆ. ಐವಿ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕೈಗವಸು ತೆಗೆಯಬೇಡಿ.

ಮಿಸಲ್‌ಟೋ ನಮ್ಮ ಮಾವಿನ ಮರದ ಮೇಲಿನ ಬಂದಳಿಕೆಯ ಹಾಗೆ ಇನ್ನೊಂದು ಮರದ ಮೇಲೆ ಬದುಕುವ ಗಿಡ. ಅಂಟಂಟಾದ ಬೀಜ, ಅದನ್ನು ಹಕ್ಕಿ ಕೊಂಬೆಗೆ ಒರೆಸಿ ಹರಡುವ ಕ್ರಮ, ಎಲ್ಲ ಅದೇ. ಪ್ಲಿನಿಯ ಓಕ್ ಮರದಲ್ಲಿ ಅದು ಅಪರೂಪ. ಸೇಬು, ಲೈಮ್ (ನಿಂಬೆಯಲ್ಲ, ಲಿಂಡೆನ್ ಮರ), ಪಾಪ್ಲರ್ ಮರಗಳಲ್ಲಿ ಧಾರಾಳ. ಸೇಬಿನ ತೋಟಗಳಿರುವ ವುಸ್ಟರ್‌ಷೈರಿನ ಟೆನ್‌ಬರಿ ವೆಲ್ಸ್ ಊರಿನ ಮಿಸಲ್‌ಟೋ ಹರಾಜು ಹೆಸರುವಾಸಿ.

ನೀರು ಕುಡಿಸಿ, ಆಮೇಲೆ ಕಟ್ಟಿ

ಗೋಳಕ್ಕೆ ಏರಿದ ಕಡ್ಡಿಗೆ ಮತ್ತೆ ನೀರು ಸಿಗುವುದಿಲ್ಲ. ಹಾಗಾಗಿ ಕಟ್ಟುವ ಹಿಂದಿನ ಸಂಜೆ ಪ್ರತಿ ಕೊಂಬೆಯ ಬುಡವನ್ನು 2 ಸೆಂ.ಮೀ. ಓರೆಯಾಗಿ ಹೊಸದಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ಸವರಿ, 12 ಗಂಟೆ ತಣ್ಣನೆಯ ಜಾಗದಲ್ಲಿ ನಿಲ್ಲಿಸಿ. ಐವಿಯನ್ನು ಎಲೆ ಸಮೇತ ಎರಡು ಗಂಟೆ ಮುಳುಗಿಸಿಡಬಹುದು, ಧೂಳೂ ಹೋಗುತ್ತದೆ. ಹಾಲಿ ಎಲೆಯ ಮೇಲೆ ದಪ್ಪ ಮೇಣದ ಪದರವಿದೆ, ಹೆಪ್ಪುಗಟ್ಟುವ ಚಳಿಯಲ್ಲೂ ಹಸಿರುಳಿಯಲು ಅದೇ ನೆರವು. ಒಳಗಿನ ನೀರು ಹೊರಹೋಗದಂತೆ ತಡೆಯುವ ಪದರ ಹೊರಗಿನ ನೀರನ್ನೂ ಒಳಗೆ ಬಿಡುವುದಿಲ್ಲವಾದ್ದರಿಂದ ಹಾಲಿಯನ್ನು ಮುಳುಗಿಸಿ ಪ್ರಯೋಜನ ಕಡಿಮೆ. ಅದು ಬುಡದಿಂದಲೇ ಕುಡಿಯಬೇಕು.

ಚೌಕಟ್ಟು

ತಂತಿಯನ್ನು 1.35 ಮೀಟರಿನ ಎರಡು ತುಂಡು, 1.4 ಮೀಟರಿನ ಒಂದು ತುಂಡು ಮಾಡಿ. ಬಳೆಯಂತೆ ಬಗ್ಗಿಸಿ, ತುದಿಗಳನ್ನು 10 ಸೆಂ.ಮೀ. ಒಂದರ ಮೇಲೊಂದು ಇಟ್ಟು ಸಣ್ಣ ತಂತಿಯಿಂದ ಬಿಗಿಯಾಗಿ ಸುತ್ತಿ. ಎರಡು ಸಣ್ಣ ಬಳೆಗಳನ್ನು ಒಂದರೊಳಗೊಂದು ಅಡ್ಡಡ್ಡ ತೂರಿಸಿ ನಿಲ್ಲಿಸಿದರೆ ಮೇಲೊಂದು, ಕೆಳಗೊಂದು ಕೂಡುವ ಜಾಗ. ದೊಡ್ಡ ಬಳೆಯನ್ನು ನಡುವಿಗೆ ಪಟ್ಟಿಯಂತೆ ಹಾಕಿದರೆ ಇನ್ನೂ ನಾಲ್ಕು. ಈ ಆರೂ ಗಂಟುಗಳನ್ನು ಎರಡು ದಿಕ್ಕಿನಲ್ಲಿ, ಗುಣಾಕಾರ ಚಿಹ್ನೆಯಂತೆ, ನಾಲ್ಕು ನಾಲ್ಕು ಸುತ್ತು ಬಿಗಿಯಿರಿ. ಒಂದೇ ದಿಕ್ಕಿಗೆ ಸುತ್ತಿದರೆ ಭಾರ ಬಿದ್ದಾಗ ಬಳೆ ಜಾರಿ ಗೋಳ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮೇಲಿನ ಗಂಟಿಗೆ ನೇತುಹಾಕುವ ಕೊಂಡಿಯನ್ನು ಈಗಲೇ ಹಾಕಿ, ಎಲೆ ತುಂಬಿದ ಮೇಲೆ ಬೆರಳು ತೂರುವುದಿಲ್ಲ. ಹಳ್ಳಿಗಳಲ್ಲಿ ತಂತಿಯ ಬದಲು ವಿಲೋ ಕಡ್ಡಿಯನ್ನು ಬಗ್ಗಿಸಿಯೂ ಬಳೆ ಮಾಡಬಹುದು.

ಹಸಿರು ಕಟ್ಟುವುದು

ಕೊಂಬೆಗಳನ್ನು 10–12 ಸೆಂ.ಮೀ. ಕುಡಿಗಳಾಗಿ ಕತ್ತರಿಸಿಕೊಳ್ಳಿ. ಒಂದು ಹಾಲಿ, ಒಂದು ಐವಿ, ಒಂದು ರೋಸ್‌ಮರಿ ಅಥವಾ ಬಾಕ್ಸ್, ಹೀಗೆ ಮೂರು ಕುಡಿ ಸೇರಿ ಒಂದು ಪಿಡಿಚೆ. ನಿಂತ ಬಳೆಗಳ ನಾಲ್ಕು ಕಮಾನಿಗೆ ಹತ್ತು ಹತ್ತು, ನಡುಪಟ್ಟಿಗೆ 22, ಒಟ್ಟು ಸುಮಾರು 62 ಪಿಡಿಚೆ, ಅಂದರೆ 190 ಕುಡಿ. ಮೊದಲೇ ಎಲ್ಲವನ್ನೂ ಜೋಡಿಸಿ ಒದ್ದೆ ಬಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಂಡರೆ ಕೈ ಓಡುತ್ತದೆ.

ಮೇಲಿನ ಕೊಂಡಿಯ ಬಳಿ ಶುರು ಮಾಡಿ. ಕುಡಿ ಮೇಲ್ಮುಖ, ಕಡ್ಡಿ ಕೆಳಮುಖ. ಸಣ್ಣ ತಂತಿಯನ್ನು ಕಡ್ಡಿಯ ಮೇಲೆ ಮೂರು ಸುತ್ತು ಎಳೆದು ಬಿಗಿಯಿರಿ. 6 ಸೆಂ.ಮೀ. ಕೆಳಗೆ ಮುಂದಿನ ಪಿಡಿಚೆ, ಅದರ ಎಲೆ ಹಿಂದಿನದರ ಕಡ್ಡಿಯನ್ನು ಮುಚ್ಚಬೇಕು. ತಂತಿಯನ್ನು ಎಲ್ಲೂ ಕತ್ತರಿಸದೆ ಒಂದೇ ಎಳೆಯಾಗಿ ಕೆಳಗಿನವರೆಗೆ ತನ್ನಿ. ನಾಲ್ಕೂ ಕಮಾನಿನ ಕೊನೆಯ ಬೋಳು ಕಡ್ಡಿಗಳು ತಳದಲ್ಲಿ ಕೂಡುತ್ತವೆ, ಅಲ್ಲಿಗೆ ಮಿಸಲ್‌ಟೋ ಗೊಂಚಲನ್ನು ತಲೆಕೆಳಗಾಗಿ ಕಟ್ಟಿದರೆ ಎಲ್ಲ ಮುಚ್ಚಿಹೋಗುತ್ತದೆ. ನಡುಪಟ್ಟಿಯನ್ನು ಕೊನೆಗೆ ಮಾಡಿ. ಮೊದಲೇ ಮಾಡಿದರೆ ಕಮಾನು ಕಟ್ಟುವಾಗ ಕೈ ತಾಗಿ ಹಾಲಿ ಹಣ್ಣು ಉದುರುತ್ತದೆ.

ಇಲ್ಲಿ ಸಾಮಾನ್ಯವಾಗಿ ಕೆಡುವುದು ಎರಡು. ತಂತಿ ಸಡಿಲವಿದ್ದರೆ ಕಡ್ಡಿ ಒಣಗಿ ಸಣ್ಣಗಾಗುತ್ತಿದ್ದಂತೆ ನಾಲ್ಕನೇ ದಿನ ಪಿಡಿಚೆಗಳು ಜಾರುತ್ತವೆ. ಕಟ್ಟುವಾಗ ಅತಿ ಬಿಗಿ ಅನ್ನಿಸುವಷ್ಟು ಬಿಗಿದರೇ ಸರಿ. ಎರಡನೆಯದು, ಒಂದು ಕಮಾನು ದಪ್ಪ ಒಂದು ತೆಳ್ಳಗಾಗಿ ಗೋಳ ವಾಲುವುದು. ಎದುರುಬದುರು ಕಮಾನುಗಳನ್ನು ಒಂದಾದ ಮೇಲೊಂದು ಕಟ್ಟುತ್ತ ಬಂದರೆ ತೂಕ ಸಮನಾಗುತ್ತದೆ.

ಸೇಬು, ದೀಪ

ಗೋಳದೊಳಗೆ ಕೆಂಪು ಸೇಬುಗಳು ರಿಬ್ಬನ್ನಿನಲ್ಲಿ ತೂಗಬೇಕು, ಇದು ಹಳೆಯ ಕ್ರಮ. ನೋಡಲು ಬಹಳ ಚೆಂದ, ಆದರೆ ಹಾಲಿಗೆ ಸೇಬೇ ಶತ್ರು. ಮಾಗುವ ಸೇಬು ಎಥಿಲೀನ್ ಅನಿಲ ಬಿಡುತ್ತದೆ, ಕೊಯ್ದ ಹಾಲಿ ಆ ಅನಿಲಕ್ಕೆ ಎಲೆಯನ್ನೂ ಹಣ್ಣನ್ನೂ ಉದುರಿಸುತ್ತದೆ. ಒಂದೇ ಡಬ್ಬದಲ್ಲಿ ಮುಚ್ಚಿಟ್ಟರೆ ಹಾನಿ ಬೇಗ ಕಾಣುತ್ತದೆ. ಹಾಗಾಗಿ ಹಾಲಿ ಇಟ್ಟ ಶೆಡ್ಡಿನಲ್ಲಿ ಸೇಬಿನ ಬುಟ್ಟಿ ಇಡಬೇಡಿ, ಸೇಬನ್ನು ಹಬ್ಬದ ಹಿಂದಿನ ಸಂಜೆಯೇ ಕಟ್ಟಿ, ಗಾಳಿಯಾಡುವ ಜಾಗದಲ್ಲಿ ತೂಗುಹಾಕಿ. ತಂತಿ ಚುಚ್ಚಬೇಡಿ. ಗಾಯವಾದ ಹಣ್ಣು ಎಥಿಲೀನನ್ನು ಇನ್ನೂ ಹೆಚ್ಚು ಬಿಡುತ್ತದೆ, ತೂತಿನಿಂದ ಕೊಳೆಯಲೂ ಶುರುವಾಗುತ್ತದೆ. ರಿಬ್ಬನ್ನನ್ನು ಪೊಟ್ಟಣ ಕಟ್ಟುವಂತೆ ಕೆಳಗಿನಿಂದ ಅಡ್ಡಡ್ಡ ತಂದು ತೊಟ್ಟಿನ ಬಳಿ ಗಂಟು ಹಾಕಿ. ಐದೂ ಸೇಬು ಒಂದೇ ಎತ್ತರದಲ್ಲಿ ಬೇಡ, 5 ಸೆಂ.ಮೀ. ಏರುಪೇರಿರಲಿ.

ನಡುಪಟ್ಟಿಯ ಮೇಲೆ ಮೊದಲು ಮೇಣದ ಬತ್ತಿ ಹಚ್ಚುತ್ತಿದ್ದರು. ವಾರದಲ್ಲಿ ಒಣಗುವ ಎಲೆ, ಎಣ್ಣೆಯಂಶವಿರುವ ರೋಸ್‌ಮರಿ, ಅವುಗಳ ನಡುವೆ ಬೆಂಕಿ: ಈ ಒಂದನ್ನು ಹಾಗೇ ಅನುಸರಿಸಬೇಡಿ. ಎಡಿಸನ್ನರ ಸಹವರ್ತಿ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತಮ್ಮ ಮನೆಯ ಮರಕ್ಕೆ 80 ಸಣ್ಣ ವಿದ್ಯುತ್ ಬಲ್ಬು ಹಾಕಿದರು. ಈಗಿನ ಎಲ್‌ಇಡಿ ಆಗಿನ ಬಲ್ಬಿನಷ್ಟು ಬಿಸಿಯೂ ಆಗುವುದಿಲ್ಲ.

ಎಲ್ಲ ಸೇರಿ ಗೋಳ 3 ಕಿಲೋ ದಾಟಬಹುದು. ಸೂರಿನ ತೊಲೆಗೆ ತಿರುಪಿದ, ಕನಿಷ್ಠ 5 ಕಿಲೋ ತಡೆಯುವ ಕೊಕ್ಕೆ ಬೇಕು. ದೀಪದ ವಯರಿಗೆ ಕಟ್ಟಬಾರದು. ರೇಡಿಯೇಟರ್, ಒಲೆಗಳಿಂದ ದೂರವಿಡಿ. ದಿನಕ್ಕೊಮ್ಮೆ ನೀರು ಸಿಂಪಡಿಸುವಾಗ ದೀಪ ಆರಿಸಿರಿ.

ಯಾವತ್ತು ಒಳಗೆ, ಯಾವತ್ತು ಹೊರಗೆ

ಕ್ರಿಸ್‌ಮಸ್ ಹಿಂದಿನ ದಿನಕ್ಕಿಂತ ಮೊದಲು ಹಸಿರನ್ನು ಒಳಗೆ ತಂದರೆ ಅಶುಭ ಎಂಬ ನಂಬಿಕೆ ಇಂಗ್ಲೆಂಡಿನಲ್ಲಿತ್ತು. ಬೆಚ್ಚಗಿನ ಕೋಣೆಯಲ್ಲಿ ನೀರಿಲ್ಲದ ಕೊಂಬೆ 10–14 ದಿನ ತಾಳುತ್ತದೆ, 24ರ ಸಂಜೆ ತಂದದ್ದು ಜನವರಿ 5–6ರ ಹನ್ನೆರಡನೇ ರಾತ್ರಿಗೆ ಸರಿಯಾಗಿ ಮುಗಿಯುತ್ತದೆ. ಆದರೆ ಹಿಂದಿನವರು ಕೆಲವೆಡೆ ಫೆಬ್ರವರಿ 2ರ ಕ್ಯಾಂಡಲ್‌ಮಸ್ ತನಕ ಬಿಡುತ್ತಿದ್ದರು. ಸ್ಟೋ ಹೇಳುವ ಇನ್ನೊಂದು ಘಟನೆ ಇದಕ್ಕೆ ಸಾಕ್ಷಿ. 1444ರ ಫೆಬ್ರವರಿ 1ರ ರಾತ್ರಿ ಗುಡುಗು ಸಿಡಿಲಿನ ಬಿರುಗಾಳಿ ಎದ್ದು, ಲಂಡನ್ನಿನ ಕಾರ್ನ್‌ಹಿಲ್‌ನಲ್ಲಿ ಕ್ರಿಸ್‌ಮಸ್ಸಿಗೆಂದು ನೆಟ್ಟು ಮೈತುಂಬ ಹಾಲಿ, ಐವಿ ಬಡಿದಿದ್ದ ಕಂಬ ಬೆಳಗಿನ ಜಾವ ಬುಡಮೇಲಾಯಿತು. ಬಿದ್ದದ್ದು ಕ್ಯಾಂಡಲ್‌ಮಸ್ ದಿನ, ಅಂದರೆ ಅಲ್ಲಿಯವರೆಗೂ ನಿಂತೇ ಇತ್ತು. ಕಾಯಿಸದ ಕೋಣೆ, ಹೊರಬಾಗಿಲು, ಜಗಲಿಗಳಲ್ಲಿ ಹಾಲಿ ಅಷ್ಟು ದಿನ ಉಳಿಯುವುದು ಸಾಧ್ಯ.

ಅದೇ ಕಾರ್ನ್‌ಹಿಲ್ ಎರಡು ಶತಮಾನದ ನಂತರ ಮತ್ತೆ ಸುದ್ದಿಯಾಯಿತು. 1647ರ ಜೂನಿನಲ್ಲಿ ಪಾರ್ಲಿಮೆಂಟು ಕ್ರಿಸ್‌ಮಸ್ ಹಬ್ಬವನ್ನೇ ರದ್ದು ಮಾಡಿತ್ತು. ಆ ಡಿಸೆಂಬರಿನಲ್ಲಿ ಜನ ಕಾರ್ನ್‌ಹಿಲ್‌ನ ನೀರಿನ ಕಟ್ಟೆಗೆ ಹಸಿರು ಕಟ್ಟಿದರು, ತೆಗೆಸಲು ಮೇಯರ್ ಸಾಹೇಬರು ಬರಬೇಕಾಯಿತು. ಕ್ಯಾಂಟರ್‌ಬರಿಯಲ್ಲಿ ಬಾಗಿಲಿಗೆ ಹಾಲಿ ಕಟ್ಟಿ ಪ್ರತಿಭಟಿಸಿದರು, ಗಲಭೆಯಾಯಿತು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಹಬ್ಬವೂ ಮರಳಿತು.

ಮರದ ಮಾತು

ಮರ ಜರ್ಮನ್ ಸೀಮೆಯದು. 1605ರಲ್ಲಿ ಸ್ಟ್ರಾಸ್‌ಬರ್ಗಿನ ಮನೆಗಳಲ್ಲಿ ಫರ್ ಮರ ನಿಲ್ಲಿಸಿ ಕಾಗದದ ಗುಲಾಬಿ, ಸೇಬು, ಸಕ್ಕರೆ ಮಿಠಾಯಿ ಕಟ್ಟುತ್ತಿದ್ದರೆಂಬ ದಾಖಲೆಯಿದೆ. ಇಂಗ್ಲೆಂಡಿನಲ್ಲಿ ರಾಣಿ ಷಾರ್ಲಟ್ 1800ರಲ್ಲಿ ವಿಂಡ್ಸರಿನಲ್ಲಿ ಯೂ ಮರ ನಿಲ್ಲಿಸಿದಳು. ಆದರೆ ಜನ ಅನುಕರಿಸಿದ್ದು 1848ರಲ್ಲಿ ವಿಕ್ಟೋರಿಯ ಮತ್ತು ಆಲ್ಬರ್ಟರ ಕುಟುಂಬ ಮರದ ಸುತ್ತ ನಿಂತ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ. ಗೋಳ ಕ್ರಮೇಣ ಮರೆಯಾಗಿ ಬಾಗಿಲ ಮೇಲಿನ ಒಂದು ಗೊಂಚಲು ಮಿಸಲ್‌ಟೋ ಮಾತ್ರ ಉಳಿಯಿತು.

ಮರ ತರುವವರಿಗೆ ಇಷ್ಟು ಸಾಕು: ನಾರ್ವೆ ಸ್ಪ್ರೂಸ್ ಬೇಗ ಸೂಜಿ ಉದುರಿಸುತ್ತದೆ, ನಾರ್ಡ್‌ಮನ್ ಫರ್ ತಡವಾಗಿ. ನಿಲ್ಲಿಸುವ ಮುಂಚೆ ಬುಡದಿಂದ 2–3 ಸೆಂ.ಮೀ. ಬಿಲ್ಲೆ ಕೊಯ್ದು ಕೂಡಲೇ ನೀರಿಗಿಡಿ. ತಡಮಾಡಿದರೆ ರಾಳ ಗಾಯವನ್ನು ಮುಚ್ಚುತ್ತದೆ. 10 ಸೆಂ.ಮೀ. ದಪ್ಪದ ಬುಡ ಮೊದಮೊದಲು ದಿನಕ್ಕೆ 3–4 ಲೀಟರ್ ಕುಡಿಯಬಹುದು. ಸ್ಟ್ಯಾಂಡಿಗೆ ತೂರಲೆಂದು ಬುಡದ ಸುತ್ತ ಕೆತ್ತಬೇಡಿ, ನೀರೇರುವುದು ತೊಗಟೆಗೆ ಹತ್ತಿರದ ಹೊರಪದರದಲ್ಲೇ.

ಕರ್ನಾಟಕದಲ್ಲಿ

ಕರಾವಳಿಯಲ್ಲಿ ಕೈಗೆ ಸಿಗುವುದು ಗಾಳಿಮರ. ಕಾರವಾರದ ಕಡಲತೀರದಲ್ಲಿ 1860ರ ದಶಕದಲ್ಲಿ ಅದನ್ನು ನೆಟ್ಟು ಬೆಳೆಸಲು ಶುರು ಮಾಡಿದರು. ಸೂಜಿಯಂತೆ ಕಾಣುವುದು ಎಲೆಯಲ್ಲ, ಹಸಿರು ಕಡ್ಡಿ. ಗೆಣ್ಣಿಗೆ ಗೆಣ್ಣು ಕಳಚಿ ನೋಡಿದರೆ ಹುರುಪೆಯಂಥ ನಿಜವಾದ ಎಲೆ ಕಾಣುತ್ತದೆ. ಕೊಂಬೆಯನ್ನು ಒದ್ದೆ ಮರಳಿನ ಬಕೆಟ್ಟಿನಲ್ಲಿ ನಿಲ್ಲಿಸಿ ದಿನವೂ ನೀರು ಹಾಕಿ. ಗೋಳಕ್ಕೆ ಗಾಳಿಮರದ ತುದಿ, ಥೂಜಾ, ಮಾವಿನೆಲೆ ಸೇರಿಸಿ. ನಮ್ಮ ಡಿಸೆಂಬರಿನ ಬಿಸಿಲಿಗೆ ಅದು ವಾರಕ್ಕಿಂತ ಹೆಚ್ಚು ತಾಳದು, 23–24ಕ್ಕೆ ಕಟ್ಟಿದರೆ ಸಾಕು. ಕೆಂಪಿಗೆ, ಕೊಡಗು ಚಿಕ್ಕಮಗಳೂರಿನವರಿಗೆ ಅದೇ ಹೊತ್ತಿಗೆ ಹಣ್ಣಾಗುವ ಅರೇಬಿಕಾ ಕಾಫಿಯ ಗೆಲ್ಲಿದೆ. ಪೂರ್ತಿ ಹಣ್ಣಾದದ್ದು ಸುಕ್ಕುತ್ತದೆ, ಈಗಷ್ಟೇ ಕೆಂಪೇರಿದ್ದನ್ನು ಆರಿಸಿ.

ಬೆಂಗಳೂರಿನ ನರ್ಸರಿಗಳಲ್ಲಿ ಕ್ರಿಸ್‌ಮಸ್ ಮರವೆಂದು ಕೊಡುವುದು ಅರೊಕೇರಿಯಾ, ಲಾಲ್‌ಬಾಗಿನಲ್ಲಿ ಬಾನೆತ್ತರಕ್ಕೆ ನಿಂತಿರುವ ಜಾತಿ. ಕುಂಡದಲ್ಲಿ ಹಲವು ವರ್ಷ ಬರುತ್ತದೆ. ಸೂರು ಮುಟ್ಟಿತೆಂದು ಅದರ ತುದಿ ಚಿವುಟಬೇಡಿ, ಮತ್ತೆ ಆ ಗೋಪುರದ ಆಕಾರ ಬರುವುದಿಲ್ಲ. ಹಬ್ಬದ ವಾರ ಮಾತ್ರ ಒಳಗೆ, ಉಳಿದ ದಿನ ಬೆಳಕಿನಲ್ಲಿ.

ಇಳಿಸುವುದು, ಮತ್ತೆ ಬೆಳೆಸುವುದು

ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿ ಗೋಳ ಇಳಿಸಿ, ಒಣ ಹಾಲಿ ಮುಳ್ಳು ರತ್ನಗಂಬಳಿಗೆ ಸಿಕ್ಕರೆ ತಿಂಗಳುಗಟ್ಟಲೆ ಕಾಲಿಗೆ ಚುಚ್ಚುತ್ತದೆ. ತಂತಿಯ ತುದಿ ಹಿಡಿದು ಕೆಳಗಿನಿಂದ ಬಿಚ್ಚುತ್ತ ಬಂದರೆ ಒಂದೇ ಎಳೆಯಲ್ಲಿ ಎಲ್ಲ ಕಳಚುತ್ತದೆ, ಚೌಕಟ್ಟು ಮುಂದಿನ ವರ್ಷಕ್ಕೂ ಆಯಿತು. ಹಾಲಿ ಎಲೆ ಮೇಣದಿಂದಾಗಿ ಬೇಗ ಕೊಳೆಯುವುದಿಲ್ಲ, ಸಣ್ಣಗೆ ಕೊಚ್ಚಿ ಗೊಬ್ಬರದ ಗುಂಡಿಗೆ ಹಾಕಿ. ಒಣ ಕೊಂಬೆಯನ್ನು ಮನೆಯೊಳಗಿನ ಒಲೆಗೆ ತುರುಕಬೇಡಿ, ಒಮ್ಮೆಲೇ ಭಗ್ಗೆಂದು ಹೊತ್ತಿಕೊಳ್ಳುತ್ತದೆ.

ಗೋಳದಿಂದ ಇಳಿಸಿದ ಮಿಸಲ್‌ಟೋ ಹಣ್ಣು ಬಿತ್ತನೆಗೆ ಬಾರದು, ಅದನ್ನು ಕೊಯ್ದಾಗ ಪೂರ್ತಿ ಬಲಿತಿರಲಿಲ್ಲ. ಮರದ ಮೇಲೇ ಉಳಿದ ಹಣ್ಣು ಬಲಿಯುವುದು ಫೆಬ್ರವರಿ–ಮಾರ್ಚಿನಲ್ಲಿ. ಆಗ ತಾಜಾ ಹಣ್ಣು ತಂದು, ನೆಲದಿಂದ ಒಂದೂವರೆ ಮೀಟರಿಗಿಂತ ಮೇಲಿರುವ, ಹೆಬ್ಬೆರಳಿಗಿಂತ ದಪ್ಪದ ಸೇಬಿನ ಕೊಂಬೆಯ ತೊಗಟೆಗೆ ಹಿಂಡಿ ಅಂಟಿಸಿ. ಕೊಂಬೆಯನ್ನು ಕೆತ್ತಿ ಬೀಜ ಹೂಳಬೇಡಿ, ಅದಕ್ಕೆ ಬೆಳಕು ಬೇಕು. ಇದರಲ್ಲೂ ಗಂಡು ಹೆಣ್ಣು ಬೇರೆ ಬೇರೆ, ಜೊತೆಗೆ ಬಹುಪಾಲು ಬೀಜವನ್ನು ಹಕ್ಕಿಗಳು ತಿಂದುಬಿಡುತ್ತವೆ. ಇಪ್ಪತ್ತಾದರೂ ಅಂಟಿಸಿ. ಮೊದಲ ಬಿಳಿ ಹಣ್ಣಿಗೆ ನಾಲ್ಕೈದು ವರ್ಷ ಕಾಯಬೇಕು.